ಹಣೆಯ ಅರ್ಧಚಂದ್ರ

"ಬಾಗಿಲು ಹಾಕ್ಕೊಂಡು ಬಾರೋ, ಗಾಳಿಗೆ ಗಾಜಿನ ಮೇಲಿನ ನೀರು ಅಲ್ಲಾಡುತ್ತೆ," ಎಂದಳು ಅಕ್ಕ, ಸೂಕ್ಷ್ಮದರ್ಶಕದಿಂದ ತಲೆ ಎತ್ತದೆ.

ದೋಣಿಯಿಂದ ನೇರವಾಗಿ ಬಂದಿದ್ದ ತಮ್ಮ ಒದ್ದೆ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದ. ಮೀನಿನ ರೋಗ ಪರೀಕ್ಷಿಸುವ ಆ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ ಗೋಡೆಗೇ ಅಂಟಿಕೊಂಡಂತಿತ್ತು. ಹಿಂದಿನ ದಿನ ಅವನೇ ತಂದುಕೊಟ್ಟ ಕೆಂಪು ಮೀನು ತಟ್ಟೆಯಲ್ಲಿ ಮಲಗಿತ್ತು. ಕಿವಿರಿನ ಹಿಂದೆ ಹೇನುಗಳು ಕಚ್ಚಿಕೊಂಡಿದ್ದ ಕಡೆ ಚರ್ಮ ಸವೆದು ಬಿಳಿಚಿಕೊಂಡಿತ್ತು.

ಕಡಲ ಮೀನಿನ ಮೈಮೇಲಿನ ಹೇನುಗಳನ್ನು ಗುರುತಿಸುವುದು, ಅವುಗಳ ಚಿತ್ರ ಬರೆಯುವುದು ಅಕ್ಕನ ಕೆಲಸ. ಕಟ್ಟಡದವರೆಲ್ಲ ಅವಳನ್ನು ಹೇನಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಮದುವೆ, ಮಕ್ಕಳು ಯಾವುದೂ ಕೂಡಿಬರದಿದ್ದ ಮೇಲೆ ಕಣ್ಣು ಮತ್ತು ಪೆನ್ಸಿಲ್ಲು, ಈ ಎರಡನ್ನೇ ನೆಚ್ಚಿಕೊಂಡು ಬಾಳಿದವಳು ಅವಳು.

"ಚಿಕ್ಕವನಿದ್ದಾಗ ನನ್ನ ತಲೆ ಹಿಡಿದು ಹೇನು ಹೆಕ್ತಿದ್ದೆ. ಈಗ ಮೀನಿಂದು," ಎಂದ ತಮ್ಮ. "ಮೀನು ಪಾಪ, ನನ್ನ ಹಾಗೆ ಕಿರುಚೋದಿಲ್ಲ."

"ನಿನ್ನಷ್ಟು ಕೊಳಕೂ ಅಲ್ಲ, ಬಿಡು." ಅವಳ ಮುಖದಲ್ಲಿ ಅವನು ಬಹಳ ದಿನದಿಂದ ಕಾಣದ ನಗು ಇತ್ತು. "ನೀನು ತಂದ ಮೀನಲ್ಲಿ ಏನು ಸಿಕ್ಕಿದೆ ಗೊತ್ತೇನೋ? ಇಲ್ಲಿನ ಕೆಂಪು ಮೀನಿನ ಹೇನಿಗೆಲ್ಲ ಹಣೆ ಅಂಚಲ್ಲಿ ಎರಡು ಅರ್ಧಚಂದ್ರ ಇರುತ್ತೆ, ಮೀನಿಗೆ ಅಂಟಿಕೊಳ್ಳೋಕೆ. ಇದಕ್ಕೆ ಇಲ್ಲ! ಚಂದ್ರ ಇಲ್ಲದ ಜಾತಿ ನಮ್ಮ ಕಡಲ ಕೆಂಪು ಮೀನಲ್ಲಿ ಇದುವರೆಗೆ ಯಾರ ಕೈಗೂ ಸಿಕ್ಕಿಲ್ಲ. ಒಂದಲ್ಲ, ನಿನ್ನ ಮೀನಲ್ಲಿದ್ದ ಎಲ್ಲವೂ ಹಾಗೇ."

"ನಿಮ್ಮ ಮೇಡಂಗೆ ಹೇಳಿದ್ಯಾ?"

"ಬೆಳಿಗ್ಗೇನೇ. ದೊಡ್ಡ ಕಚೇರಿಗೆ ಫೋನ್ ಮಾಡ್ತೀನಿ ಅಂದಿದ್ದಾರೆ. ನನ್ನ ಚಿತ್ರವನ್ನೇ ಕಳಿಸ್ತಾರಂತೆ." ಅವಳು ಕುರ್ಚಿ ಬಿಟ್ಟು ಎದ್ದಳು. "ಬಾ, ನೀನೇ ನೋಡು. ನಿನ್ನ ಮೀನಲ್ವಾ."

ತಮ್ಮ ಕೈ ಒರೆಸಿಕೊಂಡು ಕೂತ. ಮೊದಲು ಅವನದೇ ರೆಪ್ಪೆ ಕಂಡಿತು. ಆಮೇಲೆ ಬೆಳಕಿನ ವೃತ್ತದೊಳಗೆ ಚಪ್ಪಟೆಯಾದ, ತೆಳು ಕಂದು ಬಣ್ಣದ ಜೀವಿ. ಹಿಂದೆ ದಾರದಂತೆ ಜೋತುಬಿದ್ದ ಎರಡು ಮೊಟ್ಟೆಸಾಲು. ಅವನು ನಿಧಾನವಾಗಿ ಹಣೆಯ ಕಡೆ ಕಣ್ಣು ಹಾಯಿಸಿದ.

"ಇದೆಯಲ್ಲಕ್ಕಾ," ಎಂದ.

"ಏನು?"

"ಚಂದ್ರ. ಎರಡೂ ಇದೆ. ಕತ್ತರಿಸಿದ ಉಗುರಿನ ಹಾಗೆ."

"ತಿರುಪು ಅಲ್ಲಾಡಿಸಿದೀಯ ನೀನು."

"ಮುಟ್ಟೇ ಇಲ್ಲ."

ಅವಳು ಅವನನ್ನು ಎಬ್ಬಿಸಿ ಕೂತಳು. ತಿರುಪನ್ನು ಹಿಂದೆ ಮುಂದೆ ಮಾಡಿದಳು. ಗಾಜನ್ನು ಮೆದು ಬಟ್ಟೆಯಿಂದ ಒರೆಸಿದಳು. ಇನ್ನೊಂದು ಹೇನು ಇಟ್ಟು ನೋಡಿದಳು, ಅವನಿಗೂ ತೋರಿಸಿದಳು. ಅದರಲ್ಲೂ ಅವನಿಗೆ ಕಂಡಿತು, ಮತ್ತೊಂದರಲ್ಲೂ. ಅವನ ದನಿ ಪ್ರತಿಸಲಕ್ಕೂ ಸಣ್ಣದಾಗುತ್ತಾ ಹೋಯಿತು.

"ನನಗೆ ಅಷ್ಟೆಲ್ಲ ಗೊತ್ತಾಗಲ್ಲ ಬಿಡಕ್ಕ. ಧೂಳೋ ಏನೋ," ಎಂದ ಕಡೆಗೆ.

ಈ ನಡುವೆ ಅಕ್ಕ ಸೂಕ್ಷ್ಮದರ್ಶಕದ ದೀಪ ಮಂಕಾಯಿತೆಂದು ಜಗಳವಾಡಿ ಬಲ್ಬು ಬದಲಾಯಿಸಿದ್ದಳು. ಹೊಸ ಗಾಜು ತರಿಸಿದ್ದಳು. ಎಡಗಣ್ಣನ್ನು ಮುಚ್ಚಿ ಮೇಜಿನ ಮೇಲಿದ್ದ ಮೀನನ್ನು ನೋಡಿದಳು. ಆಮೇಲೆ ಬಲಗಣ್ಣನ್ನು ಮುಚ್ಚಿ. ಬಾಲ ಕಂಡಿತು, ತಟ್ಟೆಯ ಅಂಚು ಕಂಡಿತು. ನೋಡಬೇಕೆಂದು ಕಣ್ಣು ನೆಟ್ಟ ಜಾಗವಷ್ಟೇ ಕಾಣಲಿಲ್ಲ.

ಬಾಗಿಲು ತಳ್ಳಿಕೊಂಡು ಮೇಡಂ ಬಂದರು. "ಚಿತ್ರ ಆಯ್ತಾ ಅಕ್ಕ? ದೊಡ್ಡ ಕಚೇರಿಯವರು ಕುಣೀತಿದ್ದಾರೆ!"

ತಮ್ಮ ನೆಲ ನೋಡಿದ.

"ಬೇಡ ಅಂತ ಹೇಳಿಬಿಡಿ ಮೇಡಂ," ಎಂದಳು ಅಕ್ಕ. "ಇದು ಹಳೇ ಜಾತಿನೇ. ಚಂದ್ರ ಇದೆ."

"ಬೆಳಿಗ್ಗೆ ಇಲ್ಲ ಅಂದ್ರಿ?"

"ನನಗೆ ಕಾಣಲಿಲ್ಲ."

ಮೇಡಂ ಬಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಕ್ಕನ ಭುಜದ ಮೇಲೆ ಒಂದು ಗಳಿಗೆ ಕೈಯಿಟ್ಟು, "ನಾಳೆ ಮಾತಾಡೋಣ," ಎಂದು ಹೊರಟುಹೋದರು. ನಾಳೆ ಏನು ಮಾತಾಡುವುದೆಂದು ಮೂವರಿಗೂ ತಿಳಿದಿತ್ತು.

"ಮನೆಗೆ ಹೋಗೋಣ, ಏಳಕ್ಕ."

"ತಪ್ಪು ಚಿತ್ರ ಬಿಟ್ಟು ಹೋಗಲಾ? ಕೂತ್ಕೋ. ಒಳಗೆ ನೋಡ್ಕೊಂಡು ಹೇಳು. ಎರಡರ ನಡುವೆ ಎಷ್ಟು ಜಾಗ ಇದೆ?"

ಅವನು ನೋಡಿ ಹೇಳಿದ. ಅವಳು ಬೆಳಿಗ್ಗೆ ಬರೆದಿದ್ದ ಚಿತ್ರದ ಮೇಲೆ ಎಡಗೈ ಬೆರಳಿನಿಂದ ಹಣೆಯ ಅಂಚನ್ನು ತಡವಿ, ಪೆನ್ಸಿಲ್ ಇಟ್ಟು, ಒಂದೇ ಎಳೆತಕ್ಕೆ ಒಂದು ಗೆರೆ ಎಳೆದಳು, ಮತ್ತೊಂದು ಎಳೆದಳು.

"ಸರಿಯಾಗಿ ಕೂತಿದೆಯೇನೋ?"

ತಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಅರ್ಧಚಂದ್ರ ಹಣೆಯ ಮೇಲಿತ್ತು. ಇನ್ನೊಂದು ಹಣೆಯಿಂದಾಚೆ, ಬರೀ ಬಿಳಿಯಲ್ಲಿ, ಯಾವುದಕ್ಕೂ ಸೇರದೆ ಇತ್ತು. ಗೆರೆ ಮಾತ್ರ ಬಹಳ ನಯವಾಗಿತ್ತು.

ಅಕ್ಕ ಅವನ ಉತ್ತರಕ್ಕೆ ಕಾಯುತ್ತಾ, ಅವನ ಮುಖಕ್ಕಿಂತ ತುಸು ಪಕ್ಕಕ್ಕೆ, ಅಲ್ಲೇ ಯಾರೋ ನಿಂತಿರುವಂತೆ ನೋಡುತ್ತಿದ್ದಳು.