ಹಸಿರು ಚೀಲಕ್ಕೆ ತಾಮ್ರದ ದಾರ

“ಟೆಂಡರ್ ಕರೀಲಾರದ ಹತ್ತು ಸಾವಿರ ಚೀಲದ ಆರ್ಡರ್ ಕೊಟ್ಟಾರಂದ್ರ, ಇದೇನು ಬೀಗರೂಟ ಏನ್ರಿ, ಬೇಕಾದವ್ರಿಗೆ ಬಡಿಸಾಕ?” ಅಂದ ಪ್ರಭುಲಿಂಗ, ಬಾಗಿಲಲ್ಲೇ ನಿಂತು.

“ಗುಂಡು ಹಾರೋ ಹೊತ್ನ್ಯಾಗ ಮೂರು ಕೊಟೇಶನ್ ತಗೊಂತ ಕುಂದ್ರಬೇಕೇನಪಾ? ವೈರಿಗೂ ಒಂದು ಫಾರಂ ಕಳಿಸಿಬಿಡು, ಅವನೂ ರೇಟು ಹಾಕ್ಲಿ!” ಎರ್ರಣ್ಣ ಚಹಾದ ಲೋಟ ಕೆಳಗಿಟ್ಟು ನಕ್ಕ.

ಕುರುಗೋಡಿನ ಆ ತಗಡಿನ ಶೆಡ್ಡಿನಲ್ಲಿ ಹೊಲಿಗೆ ಯಂತ್ರಗಳು ಸದ್ದು ತಗ್ಗಿಸಿದವು. ಹನ್ನೊಂದು ಹೆಂಗಸರಿಗೂ ಕೇಳುವ ಆಸೆ. ಶೆಡ್ಡಿನ ಒಡತಿ ವಿರೂಪಮ್ಮ ಮಾತ್ರ ಚೀಲ ಮಡಚುತ್ತಲೇ ಇದ್ದಳು. ಗಡಿಯಲ್ಲಿ ಕಾಳಗ ಶುರುವಾಗಿ ಎರಡು ವಾರವಾಗಿತ್ತು. ಸೈನ್ಯಕ್ಕೆ ಮರಳು ತುಂಬುವ ಚೀಲ ಬೇಕೆಂದು, ಆಳುವ ಪಕ್ಷದ ಗೆಳೆಯರಿಂದ ಬಳ್ಳಾರಿಯ ಜೀನ್ಸ್ ಸಾಹುಕಾರ ಎರ್ರಣ್ಣನಿಗೆ ಒಂದು ಫೋನು ಬಂತು. ಅವನಿಂದ ಇವಳಿಗೆ ಇನ್ನೊಂದು ಫೋನು. ಪ್ಯಾಂಟಿನ ಕೆಲಸವಿಲ್ಲದೆ ನಾಲ್ಕು ತಿಂಗಳು ಮುಚ್ಚಿದ್ದ ಶೆಡ್ಡು ಹಾಗೆ ತೆರೆದಿತ್ತು. ಇದು ತಪ್ಪಿದರೆ ಮತ್ತೆ ಬೀಗ. ವಿರೋಧ ಪಕ್ಷದ ತಾಲೂಕು ಕಾರ್ಯದರ್ಶಿ ಪ್ರಭುಲಿಂಗ ಅವಳ ಸ್ವಂತ ಮೈದುನನೇ ಆದದ್ದು ಅವಳ ಕರ್ಮ.

“ಅತ್ತಿಗಿ, ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಒಂದು ಫೋಟೋ, ಅಷ್ಟ. ನಾಳೆ ಬಳ್ಳಾರ್ಯಾಗ ಪತ್ರಿಕಾಗೋಷ್ಠಿ ಐತಿ,” ಎನ್ನುತ್ತ ಅವನು ಒಂದು ಚೀಲ ಎತ್ತಿ ಬಾಗಿಲ ಬಿಸಿಲಿಗೆ ಹಿಡಿದ.

ಕೆಸರು ಹಸಿರಿನ ಬಟ್ಟೆ. ಅದರ ಅಂಚಿನುದ್ದಕ್ಕೂ ತಾಮ್ರದ ಬಣ್ಣದ ದಾರ ಫಳಫಳ ಹೊಳೆಯಿತು.

ವಿರೂಪಮ್ಮನ ಕೈ ನಿಂತಿತು. ಆ ದಾರವಿಲ್ಲದ ಜೀನ್ಸು ಬಳ್ಳಾರಿಯಲ್ಲಿ ಜೀನ್ಸೇ ಅಲ್ಲ. ಹದಿನೈದು ವರ್ಷದಿಂದ ಯಂತ್ರಕ್ಕೆ ಏರಿಸಿದ್ದು ಅದೇ ದಾರದ ಉಂಡೆ. ಈ ಸಲವೂ ತಾನೇ ಹಂಚಿದ್ದಳು. ಯಾರ ಕಣ್ಣಿಗೂ ಅದು ಬೇರೆಯಾಗಿ ಕಂಡಿರಲಿಲ್ಲ.

“ಎರ್ರಣ್ಣಾರ, ಇದರ ಸ್ಯಾಂಪಲ್ ಯಾರು ಪಾಸ್ ಮಾಡಿದ್ರು?”

“ಟೆಂಡರ್ ಇದ್ರ ತಾನ ಸ್ಯಾಂಪಲ್ಲು ಬರೋದಮ್ಮಾ! ಇದು ಅರ್ಜೆಂಟ್ ಮಾಲು.”

“ವೈರಿ ಕಣ್ಣಿಗೆ ಕಾಣಬಾರದು ಅಂತ ಹಸಿರು ಬಟ್ಟಿ ಕೊಟ್ಟಾರ. ನಾವು ಜರಿ ಅಂಚು ಹಚ್ಚಿದಂಗ ಹಚ್ಚೀವಿ, ನೋಡ್ರಿಲ್ಲೆ.”

ಇಬ್ಬರೂ ಬಾಗಿ ಚೀಲದ ಅಂಚು ನೋಡಿದರು.

“ಸಿಕ್ತಲ್ಲ! ಇದೊಂದು ಚೀಲ ಕೊಡ್ರಿ ಅತ್ತಿಗಿ, ಸರಕಾರನ ಅಲ್ಲಾಡಸ್ತೀನಿ,” ಅಂದ ಪ್ರಭುಲಿಂಗ.

“ಏಯ್, ಮರಳು ತುಂಬಿ ಒಟ್ಟಿದ ಮ್ಯಾಲೆ ದಾರ ಯಾರು ನೋಡ್ತಾರ? ಮೊದ್ಲು ಲಾರಿಗೆ ಹಾಕ್ಸಮ್ಮಾ,” ಅಂದ ಎರ್ರಣ್ಣ.

“ಎದುರಿಗಿದ್ದಾವ ನೋಡ್ತಾನಲ್ರಿ. ಚೀಲದ ಹಿಂದ ಕುಂತಾವನ ತಲಿ ಹೋಗ್ತೈತಿ.” ವಿರೂಪಮ್ಮ ಮೈದುನನ ಕೈಯಿಂದ ಚೀಲ ಕಿತ್ತುಕೊಂಡಳು. “ನೀನೂ ಒಯ್ಯಬ್ಯಾಡ. ಟೀವ್ಯಾಗ ಇದು ಅವರ ಹಗರಣ ಆಗಂಗಿಲ್ಲ, ಕುರುಗೋಡಿನ ಹೆಂಗಸರ ಕಸೂತಿ ಆಗ್ತೈತಿ. ಎರ್ರಣ್ಣಾರ, ಎಂಟು ದಿನ ಕೊಡ್ರಿ, ಬಿಚ್ಚಿ ಹೊಲಿತೀವಿ.”

“ಎಂಟು ತಾಸೂ ಇಲ್ಲ. ಮಾಲು ಈಗ ಏರ್ಲಿಲ್ಲಂದ್ರ ಉಳಿದ ಬಟ್ಟಿ ಸಿರುಗುಪ್ಪದ ಶೆಡ್ಡಿಗೆ ಹೋಗ್ತೈತಿ. ಮತ್ತ ನನ್ನ ಬಾಗ್ಲಿಗೆ ಬರಬ್ಯಾಡ.”

ಅವಳು ಹೆಂಗಸರತ್ತ ನೋಡಿದಳು. ಮಡಚಿದ ಚೀಲಗಳನ್ನು ತನ್ನ ಹಿಂದಕ್ಕೆ ಸರಿಸಿದಳು.

“ಈ ಚೀಲ ಏರಂಗಿಲ್ಲ. ಬಟ್ಟಿ ಸಿರುಗುಪ್ಪಕ್ಕ ಕಳಿಸ್ರಿ. ದಾರ ಮಾತ್ರ ಹಸಿರು ಹಚ್ಚಾಕ ಹೇಳ್ರಿ ಅವ್ರಿಗೆ.”

ಎರ್ರಣ್ಣ ಹೊಲಿಯದೆ ಉಳಿದ ಬಟ್ಟೆಯನ್ನಷ್ಟೇ ಲಾರಿಗೆ ಹಾಕಿಸಿಕೊಂಡ. ಲಾರಿ ಸಿರುಗುಪ್ಪದ ಕಡೆ ಹೊರಳಿತು. ಒಳಗೆ ಹೆಂಗಸರಲ್ಲಿ ಹಿರಿಯಳಾದ ಮಂಜಮ್ಮ ತನ್ನ ಯಂತ್ರದ ಸ್ವಿಚ್ಚು ಆರಿಸಿ, ಹಳೆಯ ಸೀರೆಯ ತುಂಡೊಂದನ್ನು ಅದರ ಮೇಲೆ ಹೊದಿಸಿದಳು.