ಹಿಂಗತ್ತಿನ ಚೂರಿ

ಸೊಸೆ ಸುನ್ನಾ ಚೀಲ ಬಿಚ್ಚಿ ಚೂರಿಗಳನ್ನೆಲ್ಲ ಮೇಜಿನ ಮೇಲೆ ಹರವಿದಾಗ ರಾವ್ದ್ನಾಗೆ ನಗು ಬಂತು. ಮಗ ಸತ್ತ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

"ಇದೇನೇ, ಅಂಗಡೀನೇ ಎತ್ಕೊಂಡು ಬಂದಿದೀಯಲ್ಲ?"

"ಚಳಿ ಕೆಲಸಕ್ಕೆ ಇವೇ ಸರಿ ಅಂದ ಅತ್ತೆ, ಅಂಗಡಿಯವನು."

"ಅವನು ಯಾವತ್ತಾದ್ರೂ ಒಲೆ ಬಿಟ್ಟು ಆಚೆ ಬಂದಿದಾನಾ ಅಂತ ಕೇಳ್ಬೇಕಿತ್ತು."

ಹಿಡಿಯೂ ಉಕ್ಕಿನದೇ ಆಗಿದ್ದ ಚೂರಿಯನ್ನು ರಾವ್ದ್ನಾ ಮೊದಲು ಪಕ್ಕಕ್ಕೆ ತಳ್ಳಿದಳು. ಬರಿಗೈಲಿ ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಂಡು ಬರುತ್ತದೆ. ಆಮೇಲೆ ಮಡಚುವ ಚೂರಿ. "ಇದರ ಸಂದೀಲಿ ಕೊಬ್ಬು ಸೇರಿ ಹೆಪ್ಪುಗಟ್ಟಿದ್ರೆ ಹಲ್ಲಲ್ಲಿ ಬಿಡಿಸ್ತೀಯಾ?" ಉದ್ದನೆಯ ತೆಳ್ಳನೆಯದೊಂದು ಉಳಿಯಿತು. ಅದು ಸುನ್ನಾಳ ಅಪ್ಪ ಕಡಲ ತೀರದಲ್ಲಿ ಮೀನು ಸೀಳುತ್ತಿದ್ದ ಚೂರಿ. ಅದನ್ನು ರಾವ್ದ್ನಾ ತಳ್ಳಲಿಲ್ಲ, ತಾನೇ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

"ಇಲ್ಲಿ ಮೂರು ಸಾಕು. ದೊಡ್ಡದು ಸೌದೆಗೆ, ಕೊಂಬೆ ಸವರೋಕೆ, ಮಂಜುಗಡ್ಡೆ ಒಡೆಯೋಕೆ. ಚಿಕ್ಕದು ಊಟಕ್ಕೆ, ಕರುಗಳ ಕಿವಿ ಅಂಚು ಕೊಯ್ದು ಯಾರದು ಅಂತ ಗುರುತು ಮಾಡೋಕೆ. ಎರಡಕ್ಕೂ ಭೂರ್ಜ ಮರದ ಹಿಡಿ, ಕೈಗವಸು ಹಾಕ್ಕೊಂಡೇ ಹಿಡಿಯೋ ಹಾಗೆ ದಪ್ಪಗೆ." ಮೂರನೆಯದನ್ನು ಅವಳು ತನ್ನ ಸೊಂಟದಿಂದಲೇ ಬಿಚ್ಚಿ ಕೊಟ್ಟಳು. ಕಿರಿದಾದ ಅಲಗು, ಎರಡೂ ಬದಿ ಹರಿತ. "ಇದು ಹಿಂಗತ್ತಿಗೆ. ತಲೆಬುರುಡೆ ಮುಗಿದು ಮೊದಲ ಮೂಳೆ ಶುರುವಾಗೋ ಕಡೆ ಒಂದು ಕುಳಿ ಇದೆ. ಅಲ್ಲಿ ಇಳಿಸಿದ್ರೆ ಹಿಮಸಾರಂಗಕ್ಕೆ ಪ್ರಾಣ ಹೋಗಿದ್ದೇ ಗೊತ್ತಾಗಲ್ಲ. ತಪ್ಪಿದ್ರೆ ಅದಕ್ಕೂ ಗೊತ್ತಾಗತ್ತೆ, ನಿಂಗೂ ಸಾಯೋವರೆಗೆ ನೆನಪಿರತ್ತೆ."

ರಾವ್ದ್ನಾಳ ಮಗ ಮಾಹ್ತೆ ಶರತ್ಕಾಲದಲ್ಲಿ ತೆಳು ಮಂಜುಗಡ್ಡೆ ಒಡೆದು ಕೆರೆಯ ಪಾಲಾಗಿದ್ದ. ಅವನ ಹೆಂಡತಿ ಸುನ್ನಾ ತೀರದ ಮೀನುಗಾರರ ಮಗಳು. ತವರಿಗೆ ಹೋಗುತ್ತಾಳೆಂದೇ ಎಲ್ಲರೂ ಎಣಿಸಿದ್ದರು. ಅವಳು ಹೋಗಲಿಲ್ಲ, ಹಿಮಸಾರಂಗದ ಹಿಂಡು ಕಾಯುತ್ತೇನೆ ಎಂದಳು. ಆದರೆ ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕಿನ ಆ ಬಯಲಲ್ಲಿ ಹಿಂಡು ಒಬ್ಬರದಾಗಿ ಮೇಯುವುದಿಲ್ಲ, ನಾಲ್ಕಾರು ಮನೆಯವು ಕೂಡಿ ಮೇಯುತ್ತವೆ. ಗುಂಪಿನ ಹಿರಿಯ ಬಿಯೆರಾ ಒಪ್ಪದಿದ್ದರೆ ವಸಂತಕ್ಕೆ ರಾವ್ದ್ನಾಳ ಹಿಂಡೆಲ್ಲ ಕಸಾಯಿಖಾನೆಗೆ. ಅವಳ ಮೊಣಕಾಲುಗಳು ಎರಡು ವರ್ಷದ ಹಿಂದೆಯೇ ಸೋತಿದ್ದವು.

ಬಿಯೆರಾ ರಾವ್ದ್ನಾಳ ತೀರಿಕೊಂಡ ಗಂಡನ ದೊಡ್ಡಪ್ಪನ ಮಗ. ಹಿಂದೊಮ್ಮೆ ತನ್ನ ಗಂಡು ಸಾರಂಗವೊಂದನ್ನು ಕದ್ದು ಕೊಂದನೆಂದು ಅವಳ ಗಂಡನ ಮೇಲೆ ಹೊರಿಸಿದ್ದ. ಅವತ್ತಿನಿಂದ ಒಬ್ಬರ ಮನೆಯ ಕಾಫಿ ಇನ್ನೊಬ್ಬರು ಕುಡಿದಿಲ್ಲ. ಸುನ್ನಾಳ ಮಾತೆತ್ತಿದಾಗ, "ಕಡಲ ಹುಡುಗಿ ಹಿಮಸಾರಂಗಾನ ಗಾಳ ಹಾಕಿ ಹಿಡೀತಾಳಾ?" ಎಂದಷ್ಟೇ ಕೇಳಿದ್ದ.

ಆ ಚಳಿಗಾಲ ಕೆಟ್ಟದ್ದು. ಹಿಮದ ಮೇಲೆ ಮಳೆ ಸುರಿದು, ಆಮೇಲೆ ಎಲ್ಲ ಹೆಪ್ಪುಗಟ್ಟಿ, ಕೆಳಗಿನ ಕಲ್ಲುಹೂವಿಗೆ ಗೊರಸು ತಾಗದಾಯಿತು. ಅಡಿಯಲ್ಲಿ ಮೇವಿದೆ, ಮೇಲೆ ಬೀಗ. ಅತ್ತೆ ಸೊಸೆ ದಿನವೂ ದೊಡ್ಡ ಚೂರಿಯಿಂದ ಮಂಜುಗಡ್ಡೆ ಒಡೆದರು, ಕುರುಚಲು ಭೂರ್ಜದ ಕೊಂಬೆ ಸವರಿ ಹಾಕಿದರು. ದುರ್ಬಲವಾದವು ಹಿಂದುಳಿದು ಮಲಗಿದವು. ಮಲಗಿದ್ದು ಏಳಲಿಲ್ಲ.

ಒಂದು ದಿನ ದಿಬ್ಬದಾಚೆ ಕಾಗೆಗಳು ಸುತ್ತುವುದು ಕಂಡು ಹಿಮದ ಮೇಲೆ ಓಡುವ ಸ್ಕೂಟರನ್ನು ಆ ಕಡೆಗೆ ತಿರುಗಿಸಿದರು. ಹೆಣ್ಣು ಸಾರಂಗವೊಂದು ಮಂಜುಗಡ್ಡೆಯೊಳಗೆ ಹಿಂಗಾಲು ಕುಸಿದು, ಮೂಳೆ ಮುರಿದು ಬಿದ್ದಿತ್ತು. ಒಂದು ಕಣ್ಣನ್ನು ಕಾಗೆಗಳು ಆಗಲೇ ತಿಂದಿದ್ದವು. ಉಸಿರು ಇನ್ನೂ ಇತ್ತು. ರಾವ್ದ್ನಾ ಮೊಣಕಾಲೂರಿ ಎರಡೂ ಕಿವಿಗಳನ್ನು ಸವರಿ ನೋಡಿದಳು.

"ಬಿಯೆರಾದು," ಎಂದಳು. "ಮುಟ್ಟಬೇಡ."

"ಹೀಗೇ ಬಿಟ್ಟು ಹೋಗೋದಾ ಅತ್ತೆ?"

"ಬೇರೆಯವರ ಜೀವಕ್ಕೆ ಕೇಳದೆ ಚೂರಿ ಹಾಕಿದ್ರೆ ಅದಕ್ಕೆ ಕಳ್ಳತನ ಅಂತಾರೆ. ನಮ್ಮ ಮನೇಗೆ ಆ ಹೆಸರು ಒಂದ್ಸಲ ಅಂಟಿ ಆಯ್ತು. ಇನ್ನೊಂದ್ಸಲ ಅಂಟಿದ್ರೆ ನೀನು ಇಲ್ಲಿರಲ್ಲ."

ಫೋನಿಗೆ ಸಿಗ್ನಲ್ ಇರಲಿಲ್ಲ. ಬಿಯೆರಾನ ಗುಡಿಸಲಿಗೆ ಹೋಗಿ ಬರುವಷ್ಟರಲ್ಲಿ ಬೆಳಕು ಹೋಗುತ್ತದೆ, ಕಾಗೆಗಳು ಕಾಯುವುದಿಲ್ಲ. ಸುನ್ನಾ ಪ್ರಾಣಿಯ ಉಳಿದ ಕಣ್ಣನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಚೂರಿ ತೆಗೆದಳು.

"ತಲೆ ಹಿಡ್ಕೊಳ್ಳಿ."

ರಾವ್ದ್ನಾ ಬೇಡವೆನ್ನಬಹುದಿತ್ತು. ಅವಳ ಕೈಗಳು ಕೊಂಬು ಹಿಡಿದುಬಿಟ್ಟಿದ್ದವು. ಸುನ್ನಾ ಕೈಗವಸು ಕಳಚಿ ಬೆರಳಿನಿಂದ ಕುಳಿ ಹುಡುಕಿದಳು. ಒಂದೇ ಏಟು. ಕಾಲು ಒಮ್ಮೆ ನೆಟ್ಟಗಾಗಿ ಸಡಿಲವಾಯಿತು.

"ಕಿವಿ ಕೊಯ್ದು ತಗೋ, ಯಜಮಾನನಿಗೆ ತೋರಿಸ್ಬೇಕು," ಎಂದು ಹೇಳಿ ರಾವ್ದ್ನಾ ಕಾಗೆ ನರಿಗಳಿಂದ ಕಾಪಾಡಲು ಸ್ಕೂಟರಿನ ಟಾರ್ಪಾಲು ತರಲು ಹೋದಳು. ಇಬ್ಬರೂ ಸೇರಿ ಹೆಣಕ್ಕೆ ಅದನ್ನು ಹೊದಿಸಿ, ಮೇಲೆ ಮಂಜುಗಡ್ಡೆಗಳನ್ನು ಹೇರಿದರು.

ಬಿಯೆರಾ ಗುಡಿಸಲ ಬಾಗಿಲಲ್ಲೇ ನಿಂತು ಮಾತು ಕೇಳಿದ. ಒಳಗೆ ಕರೆಯಲಿಲ್ಲ. ಸುನ್ನಾ ಜೇಬಿನಿಂದ ಕಿವಿ ತೆಗೆದು ಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿ, ಇನ್ನೊಂದಕ್ಕೆ ಕೈ ಚಾಚಿದ.

"ಎಡಗಿವಿ?"

ಸುನ್ನಾ ಅತ್ತೆಯ ಕಡೆ ತಿರುಗಿದಳು. ಗುರುತು ಓದುವುದು ಎರಡೂ ಕಿವಿ ಸೇರಿಸಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಸೊಸೆಗೆ ಹೇಳಬೇಕೆಂದು ರಾವ್ದ್ನಾಗೆ ತೋಚಿರಲಿಲ್ಲ.

"ಬಲಗಿವಿ ಗುರುತು ನಂದೂ ಹೀಗೇ, ನನ್ನ ತಂಗೀದೂ ಹೀಗೇ, ಅವಳ ಮಗಂದೂ ಹೀಗೇ," ಎಂದ ಬಿಯೆರಾ. "ಎಡಗಿವಿ ಇದ್ರೆ ತಾನೆ ಯಾರದು ಅಂತ ಹೇಳೋದು? ಕಳ್ಳರು ಎರಡೂ ಕಿವಿ ಬಿಸಾಕ್ತಾರೆ. ಒಂದು ಇಟ್ಕೊಂಡು ಒಂದು ತಂದುಕೊಡೋರನ್ನ ಇವತ್ತೇ ನೋಡಿದ್ದು."

"ನನ್ನ ತಪ್ಪು ಭಾವ. ಚೂರಿ ಹಾಕಿದ್ದೂ ನಾನೇ," ಎಂದಳು ರಾವ್ದ್ನಾ.

"ಅಲ್ಲ ಮಾವ," ಎಂದಳು ಸುನ್ನಾ. "ಹಾಕಿದ್ದು ನಾನು. ಅತ್ತೆ ಬೇಡ ಅಂದಿದ್ರು. ಎಡಗಿವಿ ಅಲ್ಲೇ ಇದೆ, ಬಂದು ನೋಡಿ. ಮಾಂಸ ಒಂದು ತುಣುಕೂ ಮುಟ್ಟಿಲ್ಲ."

ಅವನು ತುಪ್ಪಟದ ಕೋಟು ಎಳೆದುಕೊಂಡ. ಬಲದೋಳನ್ನು ಕೋಟಿನ ತೋಳೊಳಗೆ ತೂರಿಸಲು ಎಡಗೈಯಿಂದ ಎತ್ತಬೇಕಾಯಿತು.

ನೀಲಿ ಮಬ್ಬಿನಲ್ಲಿ ಮೂವರೂ ಹೋದರು. ದಾರಿಯುದ್ದಕ್ಕೂ ರಾವ್ದ್ನಾ ಒಂದೇ ಯೋಚಿಸಿದಳು: ನರಿ ಬಂದಿದ್ದರೆ, ತಲೆ ಹೋಗಿದ್ದರೆ, ಮುಗಿಯಿತು. ಟಾರ್ಪಾಲಿನ ಒಂದು ಮೂಲೆ ಎದ್ದಿತ್ತು, ಸುತ್ತ ಹೆಜ್ಜೆಗಳಿದ್ದವು. ಬಿಯೆರಾ ಗಡ್ಡೆಗಳನ್ನು ಕಾಲಿನಿಂದ ಸರಿಸಿ ಟಾರ್ಪಾಲು ಎತ್ತಿದ. ನರಿ ಮುರಿದ ಕಾಲನ್ನು ಕಡಿದಿತ್ತು. ತಲೆ ಉಳಿದಿತ್ತು. ಅವನು ಎಡಗಿವಿಯನ್ನು ಹಿಡಿದು ಹೆಬ್ಬೆರಳಿನಿಂದ ಅಂಚು ಸವರಿದ. ಗುರುತು ಅವನದೇ. ಆಮೇಲೆ ಹಿಂಗತ್ತಿನ ಕೂದಲು ಸರಿಸಿ ಗಾಯದ ಮೇಲೆ ಬೆರಳಿಟ್ಟ. ಕತ್ತಿನ ಸುತ್ತ ಇನ್ನೊಂದು ಗಾಯಕ್ಕಾಗಿ ತಡಕಾಡಿದ. ಇರಲಿಲ್ಲ.

"ಇದೇ ಮೊದಲನೇದಾ?"

"ಹೌದು," ಎಂದಳು ಸುನ್ನಾ.

ಬಿಯೆರಾ ಎಡಗೈಯಲ್ಲೇ ಎರಡನೆಯ ಕಿವಿ ಕೊಯ್ದು ಜೇಬಿಗಿಟ್ಟ. ಕಳ್ಳತನದ ಮಾತು ಮತ್ತೆ ಎತ್ತಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಟಾರ್ಪಾಲು ಮತ್ತೆ ಹೊದಿಸಿದ.

"ಕೆರೆ ಪಕ್ಕ ನನ್ನವು ಮಲಗಿವೆ," ಎಂದ. "ಏಳೋವಲ್ಲ. ಮೂರು ದಿನದಿಂದ ಹೋಗ್ತೀನಿ, ನೋಡ್ತೀನಿ, ವಾಪಸ್ ಬರ್ತೀನಿ. ಈ ತೋಳು ಮೇಲೆ ಬರಲ್ಲ. ಎಡಗೈಲಿ ಒಂದಕ್ಕೆ ಚೂರಿ ಹಾಕಿದೆ, ತಪ್ಪಿತು." ಅವನು ಸುನ್ನಾಳನ್ನು ನೋಡಲಿಲ್ಲ. "ಬೆಳಕಾದ ಕೂಡ್ಲೇ ಬಾ. ಆ ಚೂರಿ ತಗೊಂಡು."

"ಎಷ್ಟಿವೆ ಮಾವ?"

"ಎಣಿಸಬೇಡ."

ಇದನ್ನೇ ಅಲ್ಲವೆ ತಾನು ಚಳಿಗಾಲವಿಡೀ ಬೇಡಿಕೊಂಡದ್ದು, ಈ ಮನುಷ್ಯ ತನ್ನ ಸೊಸೆಯನ್ನು ಕೆಲಸಕ್ಕೆ ಕರೆಯಲಿ ಎಂದು? ಈಗ ರಾವ್ದ್ನಾಗೆ ಅವಳನ್ನು ಮೀನು ಸೀಳುವ ತೀರಕ್ಕೆ ತಾನೇ ಬಿಟ್ಟು ಬರಬೇಕೆನ್ನಿಸಿತು. ಸುನ್ನಾ ಮಾತ್ರ ಆಗಲೇ ತಲೆಯಾಡಿಸಿದ್ದಳು.

"ನಾನೂ ಬರ್ತೀನಿ," ಎಂದಳು ರಾವ್ದ್ನಾ. "ತಲೆ ಹಿಡ್ಕೊಳ್ಳೋಕೆ ಒಬ್ರು ಬೇಕು."