ಬುಡ ಅಗೆಯದ ಕಂಬ

ವಿದ್ಯುತ್ ಕಂಬಗಳನ್ನು ಪರೀಕ್ಷಿಸುವುದು ಡಾರ್ಲೀನ್‌ಳ ಕೆಲಸ. ಸುತ್ತಿಗೆ, ಸಲಿಕೆ, ಬೈರಿಗೆ ಹಿಡಿದು ಮ್ಯಾನಿಟೋಬಾ ಪ್ರಾಂತ್ಯದ ಹಳ್ಳಿ ರಸ್ತೆಗಳನ್ನು ಹತ್ತೊಂಬತ್ತು ವರ್ಷ ಸುತ್ತಿದವಳು.

ಆ ಜೂನ್ ಬೆಳಿಗ್ಗೆ ನೆಟ್ಟಿ ಅಜ್ಜಿಯ ಅಂಗಳದ ಮರದ ಕಂಬಕ್ಕೆ ಹೊಸ ತಂತಿ ಎಳೆಯಬೇಕಿತ್ತು. ಲೈನ್‌ಮನ್ ಮೈರನ್ ಸೊಂಟಕ್ಕೆ ಪಟ್ಟಿ ಬಿಗಿದು ಹತ್ತಲು ಸಿದ್ಧನಾಗಿದ್ದ. ಡಾರ್ಲೀನ್ ಸುತ್ತಿಗೆಯಿಂದ ಕಂಬದ ಸುತ್ತಲೂ ಬಡಿದಳು. ಎಲ್ಲ ಕಡೆ ಗಟ್ಟಿ ಸದ್ದೇ ಬಂತು. ಆದರೆ ಮಣ್ಣಿನೊಳಗೆ ಬುಡ ಕೊಳೆತಿದ್ದರೆ ಸದ್ದಿನಿಂದ ತಿಳಿಯದು, ಅಗೆದೇ ನೋಡಬೇಕು.

"ಆಯ್ತಲ್ಲ, ಬಿಡು. ನಾಲ್ಕು ವರ್ಷದ ಹಿಂದೆ ನೀನೇ ಪಾಸು ಮಾಡಿರೋ ಕಂಬ. ಅಲ್ನೋಡು, ನೀನೇ ಹೊಡೆದ ತಪಾಸಣೆ ಬಿಲ್ಲೆ," ಎಂದ ಮೈರನ್.

ಬಿಲ್ಲೆ ನೋಡಿದ್ದೇ ಅವಳಿಗೆ ನೆನಪಾಯಿತು. ಅಂದು ಕಂಬದ ಬುಡದಲ್ಲಿ ಪಿಯೋನಿ ಹೂಗಿಡಗಳು ಮೊಗ್ಗು ಬಿಟ್ಟಿದ್ದವು. ಮಗಳ ಮದುವೆಗೆ ಹೂ ಬೇಕು, ಅಗೆಯಬೇಡ ಎಂದು ಅಜ್ಜಿ ಅಡ್ಡ ನಿಂತಿದ್ದಳು. ಡಾರ್ಲೀನ್ ಅಗೆಯದೆ ಬಿಲ್ಲೆ ಹೊಡೆದು ಹೋಗಿದ್ದಳು.

"ಅಜ್ಜೀ, ಈ ಸಲ ಅಗೀಲೇಬೇಕು."

"ಅಗಿ ತಾಯಿ, ಬೇಡ ಅಂದ್ರೆ ಕೇಳ್ತೀಯಾ? ಹೋದ್ಸಲ ಎಷ್ಟು ಒಳ್ಳೆ ಹುಡುಗಿ ಆಗಿದ್ದೆ! ಬೇರು ಮಾತ್ರ ಕಡೀಬೇಡ."

ಗಿಡಗಳನ್ನು ಮಣ್ಣಿನ ಸಮೇತ ಎತ್ತಿ ಪಕ್ಕಕ್ಕಿಟ್ಟು ಒಂದು ಮೊಳ ಅಗೆದಳು. ಬುಡಕ್ಕೆ ಒತ್ತಿದ ಬೈರಿಗೆ ಎರಡು ಬೆರಳಗಲ ಬಿಗಿಯಾಗಿ ಕೊರೆದು, ಆಮೇಲೆ ತಾನಾಗಿಯೇ ಒಳಗೆ ಹೋಯಿತು. ಹೊರಗೆ ಬಂದದ್ದು ಒದ್ದೆ ನಶ್ಯದಂಥ ಪುಡಿ. ಮೈರನ್ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ಪಟ್ಟಿ ಬಿಚ್ಚಿದ.

"ಹತ್ತಿದ್ರೆ ಏನಾಗ್ತಿತ್ತು?"

"ಗೊತ್ತಿಲ್ಲ. ತಡ್ಕೊಂತಿತ್ತೋ, ಇಲ್ವೋ."

ಅವನೆದುರಿಗೇ ಮೇಲಧಿಕಾರಿಗೆ ಫೋನ್ ಮಾಡಿದಳು. "ಹೋದ್ಸಲ ಇದರ ಬುಡ ನಾನು ಅಗೆದಿರಲಿಲ್ಲ. ಅಗೆದೆ ಅಂತ ಬರೆದಿದ್ದೆ."

ಆ ಕಡೆಯಿಂದ ಮೇಲಧಿಕಾರಿ ಕೇಳಿದರು: "ಹೀಗೆ ಬರೆದವು ಇನ್ನೆಷ್ಟಿವೆ?"

"ಇದೇ ರಸ್ತೇಲಿ ಇನ್ನೂ ಮೂರು. ಅವತ್ತು ಹೊತ್ತಾಗಿತ್ತು."

ಸಂಜೆಯೊಳಗೆ ಮೂರನ್ನೂ ಅಗೆದು ನೋಡಿದರು. ಎರಡು ಗಟ್ಟಿಯಾಗಿದ್ದವು, ಒಂದು ಟೊಳ್ಳು. ಆ ವಾರವೇ ಕ್ರೇನ್ ತರಿಸಿ ಅದನ್ನೂ ಅಜ್ಜಿಯ ಅಂಗಳದ್ದನ್ನೂ ಬದಲಾಯಿಸಿದರು. ಡಾರ್ಲೀನ್‌ಳನ್ನು ಎರಡು ವಾರ ಕೆಲಸದಿಂದ ದೂರವಿಟ್ಟರು. ಅವಳು ತಕರಾರು ಮಾಡಲಿಲ್ಲ.

ಮರಳಿ ಬಂದ ದಿನ ಮೈರನ್ ಬರುವಷ್ಟರಲ್ಲೇ ಮೊದಲ ಕಂಬದ ಪರೀಕ್ಷೆ ಮುಗಿಸಿ, ಮಣ್ಣು ಮುಚ್ಚಿ, "ಹತ್ತು," ಎಂದಳು. ಮೈರನ್ ಕದಲಲಿಲ್ಲ.

"ಅಗೆದ್ಯಾ?"

"ಅಗೆದೆ ಕಣೋ."

"ನಾನು ನೋಡ್ಲಿಲ್ಲ. ಇನ್ನೊಂದ್ಸಲ ಅಗಿ."

ಡಾರ್ಲೀನ್‌ಳ ಮುಖ ಬಿಸಿಯಾಯಿತು. ಆದರೆ ಹತ್ತುವವನು ಅವನು. ಮತ್ತೆ ಸಲಿಕೆ ಎತ್ತಿಕೊಂಡಳು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ.